ಆಫ್ ಮಾಡಿದ ಮಷೀನ್ ಉತ್ತರ ಕೊಟ್ಟ ರಾತ್ರಿ: ಕಾರ್ಡ್ ಪಾವತಿಯ ಒಂದು ಪ್ರಕರಣ

ದೂರು ಬಂದದ್ದು ಒಂದೇ ಸಾಲಿನಲ್ಲಿ: "ಜನ ಜಾಸ್ತಿಯಾದ ತಕ್ಷಣ ಕಾರ್ಡ್ ಮಷೀನ್ ಕೈ ಕೊಡುತ್ತೆ."

ಬಿಲ್ಲಿಂಗ್ ವ್ಯವಸ್ಥೆಗಳ ರಿಪೇರಿಯನ್ನೇ ಕಸುಬು ಮಾಡಿಕೊಂಡಿರುವ ನಾನು ಇಂಥ ದೂರನ್ನು ಅರ್ಧ ಮಾತ್ರ ನಂಬುತ್ತೇನೆ. ಜನ ತುಂಬಿದ್ದಾಗ ಎಲ್ಲ ತೊಂದರೆಯೂ ದೊಡ್ಡದಾಗಿಯೇ ಕಾಣುತ್ತದೆ. ಖಾಲಿ ಹೊತ್ತಿನಲ್ಲಿ ಎರಡು ಸಲ ಕಾರ್ಡ್ ತಾಗಿಸಬೇಕಾಗಿ ಬಂದರೆ ಯಾರೂ ಲೆಕ್ಕ ಇಡುವುದಿಲ್ಲ. ಹತ್ತು ಜನ ಬಿಲ್ಲಿಗಾಗಿ ಕಾಯುತ್ತಿರುವಾಗ ಅದೇ ಎರಡು ಸಲ ಜಗಳವಾಗುತ್ತದೆ. ಈ ಪ್ರಕರಣದಲ್ಲಿ ಮಾತ್ರ ಆ ಒಂದು ಸಾಲು ಅಕ್ಷರಶಃ ನಿಜವಾಗಿತ್ತು. ಜನ ಹೆಚ್ಚಾದದ್ದೇ ಕಾರಣ. ಅದನ್ನು ಕಂಡುಕೊಳ್ಳಲು ನನಗೆ ಒಂದು ಸಂಜೆ ಹಿಡಿಯಿತು; ನನಗಿಂತ ಮುಂಚೆ ಬಂದು ಹೋದವರಿಗೆ ಮೂರು ವಾರವೂ ಸಾಲಲಿಲ್ಲ.

ಮೊದಲು ಅಲ್ಲಿನ ವ್ಯವಸ್ಥೆ ಹೇಗಿತ್ತು ಎಂದು ಹೇಳಿಬಿಡುತ್ತೇನೆ. ಮಧ್ಯಮ ಗಾತ್ರದ ರೆಸ್ಟೋರೆಂಟ್. ಕೌಂಟರಿನಲ್ಲಿ ಒಂದು ಬಿಲ್ಲಿಂಗ್ ಕಂಪ್ಯೂಟರ್, ಅಡುಗೆಮನೆಯಲ್ಲಿ ಒಂದು ಪ್ರಿಂಟರ್, ಮೂರು ಕಾರ್ಡ್ ಮಷೀನ್. ಒಂದನೆಯ ಮಷೀನ್ ಕೌಂಟರಿನಲ್ಲೇ ಕೇಬಲ್ಲಿಗೆ ಕಟ್ಟಿಕೊಂಡು ಕೂತಿತ್ತು. ಎರಡು ಮತ್ತು ಮೂರನೆಯವು ವೈಫೈ ಮೇಲೆ ನಡೆಯುವಂಥವು, ಸಪ್ಲೈಯರ್‌ಗಳು ಟೇಬಲ್ಲಿಗೆ ಒಯ್ಯುತ್ತಿದ್ದಂಥವು. ಬಿಲ್ಲಿಂಗ್ ಕಂಪ್ಯೂಟರ್ ಕಾರ್ಡ್ ಸಂಖ್ಯೆಯನ್ನು ನೋಡುವುದೇ ಇಲ್ಲ. ಅದು ಮೊತ್ತವನ್ನು ಮಷೀನಿಗೆ ಕಳಿಸುತ್ತದೆ. ಮಷೀನ್ ಕಾರ್ಡನ್ನು ಓದಿ, ಗೂಢಲಿಪಿಗೆ ಹಾಕಿ, ತಾನೇ ಪಾವತಿ ಸಂಸ್ಥೆಯನ್ನು ಸಂಪರ್ಕಿಸಿ, 'ಆಯಿತು' ಅಥವಾ 'ಇಲ್ಲ' ಎಂಬ ಉತ್ತರವನ್ನಷ್ಟೇ ಕಂಪ್ಯೂಟರಿಗೆ ಹಿಂದಿರುಗಿಸುತ್ತದೆ. ಭದ್ರತೆಯ ದೃಷ್ಟಿಯಿಂದ ಇದು ಒಳ್ಳೆಯ ಏರ್ಪಾಡು. ತೊಂದರೆಯೆಂದರೆ ಈಗ ಕೆಡಬಹುದಾದ ದಾರಿಗಳು ಎರಡು: ಕಂಪ್ಯೂಟರಿನಿಂದ ಮಷೀನಿಗೆ ಒಂದು, ಮಷೀನಿನಿಂದ ಬ್ಯಾಂಕಿನ ಕಡೆಗೆ ಇನ್ನೊಂದು. ಬಿಲ್ಲಿಂಗ್ ಪರದೆ ಮಾತ್ರ ಎರಡಕ್ಕೂ ಒಂದೇ ಕೆಂಪು ಅಕ್ಷರದಲ್ಲಿ 'ಪಾವತಿ ವಿಫಲ' ಎನ್ನುತ್ತದೆ.

ನಾನು ಹೋಗುವಷ್ಟರಲ್ಲಿ ಸಾಕಷ್ಟು ಔಷಧ ಆಗಿಹೋಗಿತ್ತು. ಎರಡನೆಯ ಮಷೀನನ್ನು ಬದಲಾಯಿಸಿದ್ದರು. ಇಂಟರ್ನೆಟ್ ವೇಗವನ್ನು ದುಪ್ಪಟ್ಟು ಮಾಡಿಸಿದ್ದರು. ಅಡುಗೆಮನೆಯ ಮೈಕ್ರೋವೇವ್ ಮೇಲೆ ಅನುಮಾನ ಬಂದು ಅದನ್ನು ಹಿಂದಿನ ಗೋಡೆಗೆ ಸರಿಸಿದ್ದರು. ಈ ಕೊನೆಯ ಅನುಮಾನವನ್ನು ನಾನು ನಗೆಯಾಡುವುದಿಲ್ಲ. ಮೈಕ್ರೋವೇವ್ ಓವನ್ ಕೆಲಸ ಮಾಡುವುದು 2.45 ಗಿಗಾಹರ್ಟ್ಸ್ ಸುತ್ತಮುತ್ತ, ಹಳೆಯ ವೈಫೈ ಪಟ್ಟಿ ಇರುವುದೂ 2.4ರಲ್ಲಿ, ಅಡುಗೆಮನೆಯ ಪಕ್ಕದ ಮಷೀನ್ ಇದರಿಂದ ಒದ್ದಾಡುವುದನ್ನು ಬೇರೆ ಕಡೆ ಕಂಡಿದ್ದೇನೆ. ಆದರೆ ಇಲ್ಲಿ ಮಷೀನುಗಳನ್ನು 5 ಗಿಗಾಹರ್ಟ್ಸ್ ಪಟ್ಟಿಗೆ ಹಾಕಿದ ಮೇಲೂ ತೊಂದರೆ ಕಡಿಮೆಯಾಗಿರಲಿಲ್ಲ. ಎಲ್ಲಕ್ಕಿಂತ ಫಲ ಕೊಟ್ಟ ಔಷಧ ಒಂದೇ, ರೂಟರ್ ಆಫ್ ಮಾಡಿ ಆನ್ ಮಾಡುವುದು. ಹಾಗೆ ಮಾಡಿದರೆ ಒಂದೆರಡು ಗಂಟೆ ಎಲ್ಲ ಸರಾಗ. ಹೀಗಾಗಿ 'ರೂಟರ್ ಹಾಳಾಗಿದೆ' ಎಂಬ ತೀರ್ಮಾನಕ್ಕೆ ಎಲ್ಲರೂ ಬಂದು, ಹೊಸದನ್ನು ಕೊಳ್ಳುವ ಮಾತೂ ನಡೆದಿತ್ತು.

ರೀಸ್ಟಾರ್ಟ್ ಮಾಡಿದರೆ ಸರಿಹೋಗುವ ಕಾಯಿಲೆಯ ಬಗ್ಗೆ ನನಗೆ ಮೊದಲಿಂದಲೂ ಸಿಟ್ಟು. ಕಾಯಿಲೆ ಹೋಗುವುದಿಲ್ಲ, ಸಾಕ್ಷ್ಯ ಮಾತ್ರ ಅಳಿಸಿಹೋಗುತ್ತದೆ.

ಯಾರಾದರೂ ಉತ್ತರ ಕೊಟ್ಟರೇ?

ಮಷೀನ್ ಮುಟ್ಟುವ ಮುಂಚೆ ಬಿಲ್ಲಿಂಗ್ ಕಂಪ್ಯೂಟರಿನಿಂದ ಮೂರು ವಾರದ ವಿಫಲ ಪಾವತಿಗಳ ಪಟ್ಟಿ ತೆಗೆದೆ. ಒಟ್ಟು 58. ಪ್ರತಿಯೊಂದಕ್ಕೂ ಕೇಳಿದ್ದು ಒಂದೇ ಪ್ರಶ್ನೆ: ಇದಕ್ಕೆ ಬ್ಯಾಂಕಿನ ಕಡೆಯಿಂದ ಉತ್ತರದ ಕೋಡ್ ಬಂದಿದೆಯೇ, ಇಲ್ಲವೇ?

ಕಾರ್ಡ್ ಜಗತ್ತಿನಲ್ಲಿ 'ಇಲ್ಲ' ಎನ್ನುವುದಕ್ಕೂ ಎರಡಂಕಿಯ ಭಾಷೆಯಿದೆ. ಐಎಸ್‌ಒ 8583 ಎಂಬ ಸಂದೇಶ ಮಾದರಿಯಿಂದ ಬಂದ ಕೋಡುಗಳವು. 51 ಎಂದರೆ ಖಾತೆಯಲ್ಲಿ ಹಣ ಸಾಲದು. 54 ಎಂದರೆ ಕಾರ್ಡಿನ ಅವಧಿ ಮುಗಿದಿದೆ. 05 ಎಂದರೆ ಕಾರ್ಡ್ ಕೊಟ್ಟ ಬ್ಯಾಂಕ್ ಕಾರಣ ಹೇಳದೆ ನಿರಾಕರಿಸಿದೆ. ಗ್ರಾಹಕರೇ ತಮ್ಮ ಬ್ಯಾಂಕನ್ನು ಕೇಳಬೇಕು, ಕ್ಯಾಷಿಯರ್ ಎಷ್ಟು ಸಲ ತಾಗಿಸಿದರೂ ಪ್ರಯೋಜನವಿಲ್ಲ. 91 ಬಂದರೆ ಕಾರ್ಡ್ ಕೊಟ್ಟ ಬ್ಯಾಂಕೋ ನಡುವೆ ಸಂದೇಶ ದಾಟಿಸುವ ಸ್ವಿಚ್ ಎಂಬ ವ್ಯವಸ್ಥೆಯೋ ಸಿಗುತ್ತಿಲ್ಲ, 96 ಬಂದರೆ ಅತ್ತ ಕಡೆಯ ವ್ಯವಸ್ಥೆಯಲ್ಲೇ ದೋಷ. ಇವು ಯಾವುದು ಬಂದರೂ ಒಂದು ಸಂಗತಿ ಖಚಿತ: ನಮ್ಮ ಸಂದೇಶ ಹೊರಗೆ ಹೋಗಿದೆ, ಯಾರೋ ಓದಿದ್ದಾರೆ, ಉತ್ತರ ವಾಪಸು ಬಂದಿದೆ. ಅಂದರೆ ನಮ್ಮ ಮನೆಯ ತಂತಿಗಳೆಲ್ಲ ನೆಟ್ಟಗಿವೆ.

58ರಲ್ಲಿ ಕೋಡ್ ಇದ್ದದ್ದು 11ಕ್ಕೆ ಮಾತ್ರ. ಎಲ್ಲವೂ 51, 05, 54. ಅವು ತೊಂದರೆಯೇ ಅಲ್ಲ, ಅವನ್ನು ಬದಿಗಿಟ್ಟೆ. ಉಳಿದ 47ಕ್ಕೆ ಕೋಡೇ ಇಲ್ಲ. ಅಲ್ಲಿಗೆ ಬ್ಯಾಂಕ್, ಪಾವತಿ ಸಂಸ್ಥೆ, ಗ್ರಾಹಕರ ಕಾರ್ಡ್ ಈ ಮೂವರೂ ಬಹುಮಟ್ಟಿಗೆ ಆರೋಪಮುಕ್ತರಾದರು. ಪಾವತಿ ಸಂಸ್ಥೆಯ ಸಹಾಯವಾಣಿಗೆ ಆ ಮೂರು ವಾರದಲ್ಲಿ ಹೋಗಿದ್ದ ಕರೆಗಳನ್ನು ನೆನೆದರೆ ಪಾಪ ಎನಿಸುತ್ತದೆ. ಎರಡೂ ಕಡೆಯವರ ಮೇಲೂ.

ಆ 47ನ್ನು ಮಷೀನ್ ಪ್ರಕಾರ ವಿಂಗಡಿಸಿದೆ. ಕೌಂಟರಿನ ಒಂದನೆಯ ಮಷೀನಿನಲ್ಲಿ ಸೊನ್ನೆ. ಎಲ್ಲವೂ ಎರಡು ಮತ್ತು ಮೂರರಲ್ಲಿ. ಸಮಯದ ಪ್ರಕಾರ ವಿಂಗಡಿಸಿದರೆ ಹೆಚ್ಚಿನವು ರಾತ್ರಿ 8ರ ಮೇಲೆ, ಅದರಲ್ಲೂ ವಾರದ ಕೊನೆಯಲ್ಲಿ. ಭದ್ರ ಸಂಪರ್ಕದ ಪ್ರಮಾಣಪತ್ರದ ಅವಧಿ ಮುಗಿದಿರಬಹುದು ಅಥವಾ ಮಷೀನಿನ ಸಾಫ್ಟ್‌ವೇರ್ ಹಳತಾಗಿರಬಹುದು ಎಂಬ ಶಂಕೆಯನ್ನೂ ಇದರಿಂದ ಕೈಬಿಟ್ಟೆ. ಅಂಥ ದೋಷ ಗಡಿಯಾರ ನೋಡಿಕೊಂಡು ಬರುವುದಿಲ್ಲ. ಬಂದರೆ ಬೆಳಗ್ಗೆಯಿಂದ ರಾತ್ರಿಯವರೆಗೆ ಒಂದೇ ಸಮ ಎಲ್ಲವನ್ನೂ ನಿಲ್ಲಿಸುತ್ತದೆ.

ಮ್ಯಾನೇಜರ್ ಮೇಡಂ ಅವರನ್ನು ಕೇಳಿದೆ: "ಮೂರು ವಾರದ ಹಿಂದೆ ಏನಾದರೂ ಬದಲಾಯಿಸಿದ್ರಾ?"

"ಏನೂ ಇಲ್ಲ ಸರ್. ಎಲ್ಲ ಮೊದಲಿನ ಹಾಗೇ ಇದೆ."

ಈ ಉತ್ತರ ನನಗೆ ಬಾಯಿಪಾಠವಾಗಿದೆ. ಯಾರೂ ಸುಳ್ಳು ಹೇಳುವುದಿಲ್ಲ, ತಾವು ಮಾಡಿದ್ದು ಕಾರ್ಡ್ ಮಷೀನಿಗೆ ಸಂಬಂಧಪಟ್ಟಿದ್ದು ಎಂದು ಅವರಿಗೆ ಹೊಳೆಯುವುದಿಲ್ಲ ಅಷ್ಟೆ. ಸುಳಿವು ಸಿಕ್ಕಿದ್ದು ಸಪ್ಲೈಯರ್ ಹುಡುಗನೊಬ್ಬನಿಂದ. "ಸರ್, ಮಷೀನ್ ತುಂಬ ಹೊತ್ತು ಸುಮ್ಮನೆ ಇಟ್ಟಿದ್ರೆ ಜಾಸ್ತಿ ಹಿಂಗಾಗತ್ತೆ. ಕೈಯಲ್ಲೇ ಓಡಾಡ್ತಾ ಇದ್ರೆ ಅಷ್ಟಾಗಲ್ಲ," ಎಂದ. ಇದನ್ನು ಹಿಂದೆ ಬಂದವರಿಗೂ ಹೇಳಿದ್ದನಂತೆ, ಬ್ಯಾಟರಿ ಸಮಸ್ಯೆ ಎಂದು ಬರೆದುಕೊಂಡು ಹೋಗಿದ್ದರು.

ಆ ಶನಿವಾರ ರಾತ್ರಿ

ನಾನು ಕೌಂಟರಿನ ಹಿಂದೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತೆ. ಅದನ್ನು ಅದೇ ನೆಟ್‌ವರ್ಕಿಗೆ ಕೇಬಲಿನಲ್ಲಿ ಸೇರಿಸಿ, ಮೂರೂ ಮಷೀನುಗಳ ಐಪಿ ವಿಳಾಸಕ್ಕೆ ನಿರಂತರ ಪಿಂಗ್, ಅಂದರೆ 'ಇದ್ದೀಯಾ?' ಎಂದು ಕೇಳುವ ಪುಟ್ಟ ಸಂದೇಶ, ಹಚ್ಚಿದೆ. ವಿಳಾಸಗಳು 192.168.1.61, 62, 63. ಬಿಲ್ಲಿಂಗ್ ಸಾಫ್ಟ್‌ವೇರಿನಲ್ಲಿ ಇವನ್ನು ಯಾರೋ ಕೈಯಾರೆ ತುಂಬಿದ್ದರು, ಮಷೀನಿನೊಳಗೂ ಕೈಯಾರೆಯೇ ಕೂರಿಸಿದ್ದರು. ಏಳೂವರೆಯವರೆಗೆ ಎಲ್ಲ ಶಾಂತ. ಎಂಟೂಕಾಲಿಗೆ ಎರಡನೆಯ ಮಷೀನಿನಲ್ಲಿ ಮೊದಲ ವೈಫಲ್ಯ. ಆದರೆ ಪಿಂಗ್‌ಗೆ 62ರಿಂದ ಉತ್ತರ ಬರುತ್ತಲೇ ಇತ್ತು! ಮಷೀನ್ ನೆಟ್‌ವರ್ಕಿನಲ್ಲಿದೆ, ಕಂಪ್ಯೂಟರಿಗೆ ಮಾತ್ರ ಸಿಗುತ್ತಿಲ್ಲ. ಇದು ಹೇಗೆ?

ಹತ್ತು ನಿಮಿಷ ತಲೆ ಕೆರೆದುಕೊಂಡು, ಕೊನೆಗೆ ಎರಡನೆಯ ಮಷೀನನ್ನು ತರಿಸಿ ಪೂರ್ತಿ ಆಫ್ ಮಾಡಿ ಟೇಬಲಿನ ಮೇಲಿಟ್ಟೆ. ಪರದೆ ಕಪ್ಪಾಯಿತು. ಲ್ಯಾಪ್‌ಟಾಪಿನಲ್ಲಿ 62 ಇನ್ನೂ ಉತ್ತರ ಕೊಡುತ್ತಿತ್ತು.

ಕ್ಯಾಷಿಯರ್ ನನ್ನ ಭುಜದ ಮೇಲಿಂದ ಬಗ್ಗಿ ನೋಡಿ, "ಹಾಗಾದ್ರೆ ಮಾತಾಡ್ತಿರೋದು ಯಾರು ಸರ್?" ಎಂದರು. ಸರಿಯಾದ ಪ್ರಶ್ನೆ. ಐಪಿ ವಿಳಾಸ ಮನೆ ನಂಬರ್ ಇದ್ದ ಹಾಗೆ; ಆ ಮನೆಯಲ್ಲಿ ಯಾವ ಯಂತ್ರವಿದೆ ಎಂಬುದನ್ನು ಹೇಳುವುದು ಮ್ಯಾಕ್ ವಿಳಾಸ. ಯಾವ ಐಪಿ ಯಾವ ಮ್ಯಾಕ್‌ನದ್ದು ಎಂದು ಲ್ಯಾಪ್‌ಟಾಪ್ ಬರೆದಿಟ್ಟುಕೊಳ್ಳುವ ಎಆರ್‌ಪಿ ಪಟ್ಟಿ ತೆಗೆದು 62ರ ಎದುರಿಗಿದ್ದ ಮ್ಯಾಕ್ ವಿಳಾಸವನ್ನು ಮಷೀನಿನ ಹಿಂಬದಿಯ ಚೀಟಿಯ ಜೊತೆ ಹೋಲಿಸಿದೆ. ಬೇರೆ ಬೇರೆ. ಅಷ್ಟೇ ಅಲ್ಲ, ಪಟ್ಟಿಯಲ್ಲಿದ್ದ ವಿಳಾಸದ ಎರಡನೆಯ ಅಕ್ಷರ 'ಎ'. ಮ್ಯಾಕ್ ವಿಳಾಸದ ಎರಡನೆಯ ಜಾಗದಲ್ಲಿ 2, 6, ಎ, ಇ ಇವುಗಳಲ್ಲಿ ಒಂದು ಕಂಡರೆ ಅದು ಕಾರ್ಖಾನೆ ಕೊಟ್ಟ ವಿಳಾಸವಲ್ಲ, ಉಪಕರಣ ತಾನೇ ಕಟ್ಟಿಕೊಂಡದ್ದು. 2019ರ ಆಂಡ್ರಾಯ್ಡ್ 10 ಮತ್ತು 2020ರ ಐಒಎಸ್ 14ರಿಂದ ಈಚೆಗೆ ಫೋನುಗಳು ವೈಫೈಗೆ ಸೇರುವಾಗ ಮಾಡುವುದು ಇದನ್ನೇ. ಅಂದರೆ 62ನೇ ನಂಬರಿನ ಮನೆಯಲ್ಲಿ ಆಗ ಕೂತಿದ್ದದ್ದು ಯಾರೋ ಗ್ರಾಹಕರ ಫೋನು.

"ಗ್ರಾಹಕರಿಗೆ ವೈಫೈ ಕೊಡ್ತೀರಾ?"

"ಹೌದಲ್ಲ, ಪಾಸ್‌ವರ್ಡ್ ಚೀಟಿ ಟೇಬಲ್ ಮೇಲೇ ಅಂಟಿಸಿದೀವಿ," ಎಂದರು ಮ್ಯಾನೇಜರ್ ಮೇಡಂ. ಯಾವಾಗಿನಿಂದ ಎಂದು ಕೇಳುವ ಮುಂಚೆಯೇ ಅವರ ಮುಖ ಬದಲಾಯಿತು. "ಮೂರು ವಾರ ಆಯ್ತು."

ಉಳಿದದ್ದು ಒಂದಕ್ಕೊಂದು ಕೂಡಿಕೊಂಡಿತು. ರೂಟರ್ ಒಂದೇ, ನೆಟ್‌ವರ್ಕ್ ಒಂದೇ. ಹೊಸ ಉಪಕರಣ ಬಂದಾಗ ರೂಟರಿನೊಳಗಿನ ಡಿಎಚ್‌ಸಿಪಿ ಎಂಬ ವ್ಯವಸ್ಥೆ 20ರಿಂದ 254ರವರೆಗಿನ ವಿಳಾಸಗಳಲ್ಲಿ ಒಂದನ್ನು ಕೊಡುತ್ತಿತ್ತು, ಈ ರೂಟರಿನಲ್ಲಿ ಕ್ರಮವಾಗಿ. ಒಮ್ಮೆ ಕೊಟ್ಟರೆ 24 ಗಂಟೆಯ ಮಟ್ಟಿಗೆ ಅದು ಆ ಫೋನಿನದ್ದು, ಗ್ರಾಹಕರು ಊಟ ಮುಗಿಸಿ ಮನೆಗೆ ಹೋದರೂ. ಹೀಗೆ ಮಧ್ಯಾಹ್ನ ಬಂದವರ ಫೋನುಗಳು ಒಂದಷ್ಟು ವಿಳಾಸ ಹಿಡಿದುಕೊಂಡಿರುತ್ತಿದ್ದವು, ಸಂಜೆಯವರು ಅದರ ಮುಂದಕ್ಕೆ. ಗಿರಾಕಿ ಕಡಿಮೆಯಿದ್ದ ದಿನ ಎಣಿಕೆ 60 ಮುಟ್ಟುತ್ತಲೇ ಇರಲಿಲ್ಲ. ಜನ ತುಂಬಿದ ದಿನ ಎಂಟು ಗಂಟೆಯ ಹೊತ್ತಿಗೆ ದಾಟುತ್ತಿತ್ತು. ಮಷೀನುಗಳ ವಿಳಾಸ ಕೈಯಾರೆ ಕೂರಿಸಿದ್ದಾದ್ದರಿಂದ ರೂಟರಿನ ಪುಸ್ತಕದಲ್ಲಿ ಅವು ಇರಲೇ ಇಲ್ಲ.

ಆದರೂ ಒಂದನೆಯ ಮಷೀನ್ ಬಚಾವಾದದ್ದೇಕೆ? ವಿಳಾಸ ಕೊಡುವ ಮುಂಚೆ ಅದು ಬಳಕೆಯಲ್ಲಿದೆಯೇ ಎಂದು ಒಂದು ಪಿಂಗ್ ಕಳಿಸಿ ನೋಡಬೇಕೆಂದು ಡಿಎಚ್‌ಸಿಪಿಯ 1997ರ ಮಾನಕವೇ ಸಲಹೆ ಮಾಡುತ್ತದೆ. ಈ ರೂಟರ್ ಅದನ್ನು ಪಾಲಿಸುತ್ತಿತ್ತು. ಕೇಬಲ್ಲಿಗೆ ಕಟ್ಟಿದ ಒಂದನೆಯ ಮಷೀನ್ ಸದಾ ಎಚ್ಚರ, 'ಇಲ್ಲಿ ನಾನಿದ್ದೇನೆ' ಎನ್ನುತ್ತಿತ್ತು. ರೂಟರ್ 61ನ್ನು ಬಿಟ್ಟು ಮುಂದೆ ಹೋಗುತ್ತಿತ್ತು. ಬ್ಯಾಟರಿ ಉಳಿಸಲು ನಿದ್ದೆಗೆ ಜಾರಿದ ಎರಡು ಮತ್ತು ಮೂರು ಉತ್ತರ ಕೊಡುತ್ತಿರಲಿಲ್ಲ. ಮನೆ ಖಾಲಿ ಎಂದುಕೊಂಡು ರೂಟರ್ ಬಾಡಿಗೆಗೆ ಕೊಟ್ಟುಬಿಡುತ್ತಿತ್ತು. ಸಪ್ಲೈಯರ್ ಹುಡುಗ ಹೇಳಿದ್ದು ಇದನ್ನೇ, ಅವನದೇ ಮಾತಿನಲ್ಲಿ. ರೂಟರ್ ರೀಸ್ಟಾರ್ಟ್ ಮಾಡಿದರೆ ಅದರ ಪುಸ್ತಕ ಅಳಿಸಿ ಎಣಿಕೆ ಮತ್ತೆ 20ರಿಂದ ಶುರು. ಮತ್ತೆ 60 ಮುಟ್ಟುವವರೆಗೆ ಎಲ್ಲರಿಗೂ ನೆಮ್ಮದಿ.

ಹಣ ಎಲ್ಲಿ ಹೋಯಿತು

ಕಾರಣ ಸಿಕ್ಕಿದ ಖುಷಿಯಲ್ಲಿ ಇಂಥ ಕೆಲಸವನ್ನು ಅರ್ಧಕ್ಕೆ ಬಿಡುವವರನ್ನು ನೋಡಿದ್ದೇನೆ. ಮಾಲೀಕರಿಗೆ ಮುಖ್ಯವಾದದ್ದು ಇನ್ನು ಮುಂದೆ ಶುರುವಾಗುತ್ತದೆ. ಆ 47 ಪಾವತಿಗಳಲ್ಲಿ ಯಾವುದು ನಿಜಕ್ಕೂ ಆಗಿಲ್ಲ, ಯಾವುದು ಆಗಿದ್ದೂ ಆಗಿಲ್ಲವೆಂದು ಕಾಣುತ್ತಿದೆ?

ಒಂದೇ ವಿಳಾಸಕ್ಕೆ ಇಬ್ಬರು ಹಕ್ಕುದಾರರಾದಾಗ ನೆಟ್‌ವರ್ಕ್ ಒಮ್ಮೆ ಇವನಿಗೆ ಒಮ್ಮೆ ಅವನಿಗೆ ಟಪಾಲು ಹಾಕುತ್ತದೆ. ಮೊತ್ತ ಹೊತ್ತ ಸಂದೇಶವೇ ಫೋನಿಗೆ ಹೋದರೆ ಏನೂ ಆಗುವುದಿಲ್ಲ. ಮೊತ್ತ ಮಷೀನಿಗೆ ತಲುಪಿ, ಬ್ಯಾಂಕ್ ಒಪ್ಪಿ, ಫಲಿತಾಂಶ ಕಂಪ್ಯೂಟರಿಗೆ ಹೇಳುವಾಗ ದಾರಿ ತಪ್ಪಿದರೆ ಗ್ರಾಹಕರ ಹಣ ಹೋಗಿರುತ್ತದೆ, ಬಿಲ್ ಮಾತ್ರ ತೆರೆದೇ ಇರುತ್ತದೆ. ಇದಕ್ಕೆ ಇನ್ನೊಂದು ಎಡವಟ್ಟೂ ಸೇರಿತ್ತು. ಬಿಲ್ಲಿಂಗ್ ಸಾಫ್ಟ್‌ವೇರ್ ಉತ್ತರಕ್ಕೆ ಕಾಯುತ್ತಿದ್ದದ್ದು 30 ಸೆಕೆಂಡ್, ಮಷೀನ್ ಬ್ಯಾಂಕಿಗಾಗಿ ಕಾಯುತ್ತಿದ್ದದ್ದು 60 ಸೆಕೆಂಡ್. ಕಳಿಸಿದವನು ಬಾಗಿಲು ಹಾಕಿಕೊಂಡ ಮೇಲೆ ಹೋದವನು ವಾಪಸು ಬಂದರೆ ಕೇಳುವವರು ಯಾರು? ಮೂರನೆಯ ಬಗೆಯದರಲ್ಲಿ ಮಷೀನಿಗೇ ಬ್ಯಾಂಕಿನ ಉತ್ತರ ಬಂದಿರುವುದಿಲ್ಲ. ಆಗ ಅದು ತಾನಾಗಿಯೇ ರಿವರ್ಸಲ್ ಸಂದೇಶ ಕಳಿಸಿ, ಹಿಂದಿನದನ್ನು ರದ್ದು ಮಾಡಿ ಎನ್ನುತ್ತದೆ. ಗ್ರಾಹಕರ ಖಾತೆಯಲ್ಲಿ ಆ ಮೊತ್ತ ಕೆಲಕಾಲ ತಡೆಹಿಡಿದಂತೆ ಕಂಡು ಮಾಯವಾಗುತ್ತದೆ.

ವಿಂಗಡಿಸಲು ಇದ್ದ ದಾರಿ ಒಂದೇ. ಪಾವತಿ ಸಂಸ್ಥೆಯ ಪೋರ್ಟಲ್ಲಿನ ಪಟ್ಟಿಯನ್ನು ಬಿಲ್ಲಿಂಗ್ ಪಟ್ಟಿಯ ಪಕ್ಕದಲ್ಲಿಟ್ಟು ಸಾಲು ಸಾಲಾಗಿ ಜೋಡಿಸುವುದು. ಒಂದರಲ್ಲಿ 12 ಅಕ್ಷರದ ಉಲ್ಲೇಖ ಸಂಖ್ಯೆ, 6 ಅಕ್ಷರದ ಒಪ್ಪಿಗೆ ಸಂಖ್ಯೆ, ಕಾರ್ಡಿನ ಕೊನೆಯ ನಾಲ್ಕಂಕಿ. ಇನ್ನೊಂದರಲ್ಲಿ ಬಿಲ್ ನಂಬರ್ ಮತ್ತು ಮೊತ್ತ. ವಿಫಲವೆಂದು ಬರೆದ ಸಾಲಿನಲ್ಲಿ ಒಪ್ಪಿಗೆ ಸಂಖ್ಯೆ ಇರುವುದಿಲ್ಲವಾದ್ದರಿಂದ ಮೊತ್ತ ಮತ್ತು ಸಮಯದಿಂದಲೇ ಹುಡುಕಬೇಕು. ಬಿಲ್ಲಿಂಗ್ ಕಂಪ್ಯೂಟರಿನ ಗಡಿಯಾರ ನಾಲ್ಕು ನಿಮಿಷ ಹಿಂದಿತ್ತು. ಅದು ಗೊತ್ತಾಗುವವರೆಗೆ ಅರ್ಧ ಗಂಟೆ ವ್ಯರ್ಥ.

ಲೆಕ್ಕ ಹೀಗೆ ಬಂತು: 38 ಪಾವತಿಗಳು ಹೊರಟೇ ಇರಲಿಲ್ಲ. 7 ಒಪ್ಪಿಗೆಯಾಗಿದ್ದವು, ಕಂಪ್ಯೂಟರಿಗೆ ಗೊತ್ತಿರಲಿಲ್ಲ. 2 ರಿವರ್ಸಲ್ ಆಗಿದ್ದವು. ಆ ಏಳರಲ್ಲಿ ಐವರು ಕೌಂಟರಿನ ಮಷೀನಿನಲ್ಲಿ ಮತ್ತೆ ಕಾರ್ಡ್ ಕೊಟ್ಟಿದ್ದರು, ಇಬ್ಬರು ಬೇಸತ್ತು ನಗದು ಕೊಟ್ಟು ಹೋಗಿದ್ದರು. ಏಳೂ ಮಂದಿ ಎರಡು ಸಲ ಕೊಟ್ಟಂತೆ.

ಎರಡು ಆ ದಿನದವೇ. ದಿನದ ವಹಿವಾಟುಗಳ ಕಟ್ಟು, ಅಂದರೆ ಬ್ಯಾಚ್, ತಾನಾಗಿ ಮುಚ್ಚುವುದು ರಾತ್ರಿ 2ಕ್ಕೆ. ಅದಕ್ಕೆ ಮುಂಚೆ ವಾಯ್ಡ್, ಅಂದರೆ ರದ್ದು, ಮಾಡಿದರೆ ವಹಿವಾಟು ಸೆಟಲ್‌ಮೆಂಟಿಗೆ, ಅಂದರೆ ಹಣ ಕೈಬದಲಾಗುವ ಹಂತಕ್ಕೆ, ಹೋಗುವುದೇ ಇಲ್ಲ. ಹನ್ನೊಂದೂವರೆಗೆ ಎರಡನ್ನೂ ವಾಯ್ಡ್ ಮಾಡಿಸಿದೆ. ಹಳೆಯವಕ್ಕೆ ರೀಫಂಡ್ ಬಿಟ್ಟು ಬೇರೆ ದಾರಿಯಿಲ್ಲ. ಅದು ಹೊಸ ವಹಿವಾಟು, ಗ್ರಾಹಕರನ್ನು ಮುಟ್ಟಲು ದಿನಗಳು ಬೇಕು. ನಗದು ಕೊಟ್ಟವರಿಗೆ ನಗದೇ ವಾಪಸು ಕೊಡೋಣ ಎಂದು ಮೇಡಂ ಹೇಳಿದರು. ಬೇಡ ಎಂದೆ. ತಪ್ಪಿ ಬಂದದ್ದು ಕಾರ್ಡಿನ ಹಣ, ಅದು ಕಾರ್ಡಿಗೇ ಹೋಗಬೇಕು. ಇಲ್ಲದಿದ್ದರೆ ನಾಳೆ ಆ ಕಾರ್ಡಿನ ಮೇಲೆ ತಕರಾರು ಬಂದಾಗ ತೋರಿಸಲು ನಮ್ಮ ಕೈಯಲ್ಲಿ ಏನೂ ಇರುವುದಿಲ್ಲ.

ತಕರಾರು ಒಂದು ಆಗಲೇ ಬಂದಿತ್ತು. ಹಳೆಯ ಐವರಲ್ಲಿ ಒಬ್ಬರು ತಮ್ಮ ಬ್ಯಾಂಕಿಗೆ ದೂರು ಕೊಟ್ಟಿದ್ದರು. ಅಲ್ಲಿ ರೀಫಂಡ್ ಮಾಡಬಾರದು. ಬ್ಯಾಂಕ್ ತಕರಾರಿನ ಮೂಲಕ ಹಣ ಎಳೆದುಕೊಳ್ಳುತ್ತದೆ, ಜೊತೆಗೆ ನಾವೂ ಕೊಟ್ಟರೆ ಅದೇ ಹಣ ಎರಡು ಸಲ ಹೋಗುತ್ತದೆ. ತಕರಾರನ್ನು ಒಪ್ಪಿಕೊಂಡು ಸುಮ್ಮನಾದೆವು. ಉಳಿದ ನಾಲ್ವರಿಗೆ ರೀಫಂಡ್.

ರಿವರ್ಸಲ್ ಆದ ಎರಡರ ಕಥೆ ತಿರುವುಮುರುವು. ಒಬ್ಬರು ಕೌಂಟರಿನಲ್ಲಿ ಮತ್ತೆ ಕೊಟ್ಟಿದ್ದರು, ಸರಿಯಾಯಿತು. ಇನ್ನೊಬ್ಬರು ಬ್ಯಾಂಕಿನಿಂದ ಬಂದ ಎಸ್ಸೆಮ್ಮೆಸ್ ತೋರಿಸಿ, "ನೋಡಿ, ಹಣ ಹೋಗಿದೆ," ಎಂದಿದ್ದರು. ಕ್ಯಾಷಿಯರ್ ನಂಬಿ ಬಿಲ್ ಮುಚ್ಚಿದ್ದರು. ಗ್ರಾಹಕರು ಹೇಳಿದ್ದು ಸುಳ್ಳಲ್ಲ, ಆ ಹೊತ್ತಿಗೆ ಹೋಗಿತ್ತು. ಆಮೇಲೆ ಅವರಿಗೇ ಹಿಂದಿರುಗಿತು. ರೆಸ್ಟೋರೆಂಟಿಗೆ ಆ ಬಿಲ್ಲಿನ ಹಣ ಬರಲೇ ಇಲ್ಲ.

ದುರಸ್ತಿ

ಇದು ಬೇಗ ಮುಗಿಯಿತು. ಗ್ರಾಹಕರ ವೈಫೈಯನ್ನು ಪ್ರತ್ಯೇಕ ನೆಟ್‌ವರ್ಕಿಗೆ ಸರಿಸಿದೆ. ಅಲ್ಲಿಂದ ಇಂಟರ್ನೆಟ್ ಬಿಟ್ಟು ಒಳಗಿನ ಯಾವುದೂ ಕಾಣಬಾರದು. ವಿಳಾಸದ ಜಗಳ ಇಲ್ಲದಿದ್ದರೂ ಇದನ್ನು ಮಾಡಲೇಬೇಕಿತ್ತು. ಪಿಸಿಐ ಡಿಎಸ್‌ಎಸ್ ಎಂಬ ಕಾರ್ಡ್ ಪಾವತಿಯ ಭದ್ರತಾ ಮಾನಕದ ಪ್ರಕಾರ ಬೇರ್ಪಡಿಸದ ನೆಟ್‌ವರ್ಕ್ ಇಡಿಯಾಗಿ ಪರಿಶೀಲನೆಯ ವ್ಯಾಪ್ತಿಗೆ ಬರುತ್ತದೆ, ಅಂದರೆ ಟೇಬಲ್ ಚೀಟಿಯ ಪಾಸ್‌ವರ್ಡ್ ಓದಿಕೊಂಡ ಪ್ರತಿಯೊಂದು ಫೋನೂ. ಮಷೀನುಗಳ ವಿಳಾಸಗಳನ್ನು ಮ್ಯಾಕ್ ಆಧಾರದ ಮೇಲೆ ರೂಟರಿನ ಪುಸ್ತಕದಲ್ಲೇ ಕಾಯ್ದಿರಿಸಿ, ಮಷೀನುಗಳು ಅಲ್ಲಿಂದಲೇ ಪಡೆಯುವಂತೆ ಮಾಡಿದೆ. ಬಿಲ್ಲಿಂಗ್ ಸಾಫ್ಟ್‌ವೇರಿನ ಕಾಯುವ ಸಮಯ 90 ಸೆಕೆಂಡ್ ಮಾಡಿ, ಗಡಿಯಾರ ಸರಿಪಡಿಸಿದೆ. ಕ್ಯಾಷಿಯರ್ ಮುಂದೆ ಒಂದು ಚೀಟಿ ಅಂಟಿಸಿದೆವು: ಉತ್ತರ ಬಾರದೆ ನಿಂತರೆ ಮತ್ತೆ ಕಾರ್ಡ್ ಕೇಳುವ ಮುಂಚೆ ಮಷೀನಿನಲ್ಲಿ 'ಕೊನೆಯ ವಹಿವಾಟು' ತೆಗೆದು ನೋಡಿ, ಎಸ್ಸೆಮ್ಮೆಸ್ ನೋಡಿ ಬಿಲ್ ಮುಚ್ಚಬೇಡಿ.

ಇಂಟರ್ನೆಟ್ ಇಲ್ಲದಾಗಲೂ ಕಾರ್ಡ್ ತೆಗೆದುಕೊಂಡು ಆಮೇಲೆ ಕಳಿಸುವ ಆಫ್‌ಲೈನ್ ಸೌಲಭ್ಯ ಹಾಕಿಕೊಡಿ ಎಂದು ಮಾಲೀಕರು ಕೇಳಿದರು. ಆಮೇಲೆ ಕಳಿಸಿದಾಗ ಬ್ಯಾಂಕ್ 51 ಎಂದರೆ ನಷ್ಟ ಯಾರದು ಎಂದು ವಿವರಿಸಿದ ಮೇಲೆ ಅವರೇ ಬೇಡವೆಂದರು.

ಎರಡು ದಿನ ಬಿಟ್ಟು ಮತ್ತೆ ಫೋನ್. ಮೂರನೆಯ ಮಷೀನ್ ಸಿಗುತ್ತಿಲ್ಲ. ಬೆಳಗ್ಗೆ, ಜನ ಇಲ್ಲದ ಹೊತ್ತಿನಲ್ಲಿ. ಹೋಗಿ ನೋಡಿದರೆ ಮಷೀನ್ ಚಾರ್ಜಿಂಗ್ ಸ್ಟ್ಯಾಂಡಿನ ಮೇಲೆ ಕೂತಿದೆ, ಸ್ಟ್ಯಾಂಡಿಗೆ ನೆಟ್‌ವರ್ಕ್ ಕೇಬಲ್ ಸಿಕ್ಕಿಸಿದೆ. ಸ್ಟ್ಯಾಂಡಿನ ಮೇಲಿದ್ದಾಗ ಮಷೀನ್ ವೈಫೈ ಬಿಟ್ಟು ಕೇಬಲಿಗೆ ಹೊರಳುತ್ತದೆ, ಕೇಬಲಿನ ಮ್ಯಾಕ್ ವಿಳಾಸವೇ ಬೇರೆ, ನಾನು ಕಾಯ್ದಿರಿಸಿದ್ದು ವೈಫೈಯದ್ದು. ತಪ್ಪು ನನ್ನದೇ. ಸ್ಟ್ಯಾಂಡಿನ ಕೇಬಲ್ ಕಿತ್ತು, ಚಾರ್ಜಿಗಷ್ಟೇ ಬಿಟ್ಟು ಬಂದೆ. ಸಪ್ಲೈಯರ್ ಹುಡುಗ ಆ ಕೇಬಲನ್ನು ಸುತ್ತಿ ಕೌಂಟರಿನ ಖಾನೆಯಲ್ಲಿಟ್ಟು, ಮೇಲೆ ಟೇಪ್ ಅಂಟಿಸಿ 'ಹಾಕಬಾರದು' ಎಂದು ಬರೆದ.